ಮೂವತ್ತೇಳಕ್ಕೆ ಕಾರಣ

ಅರ್ಜಿಯ ಮೂರನೇ ಪುಟದ ಹದಿನಾಲ್ಕನೇ ಕಾಲಮ್ಮಿನಲ್ಲಿ ಹೀಗೆ ಅಚ್ಚಾಗಿತ್ತು: ‘ಐಚ್ಛಿಕವಾಗಿ ಆರಿಸಿಕೊಂಡ ವಿಷಯದಲ್ಲಿ ಐವತ್ತಕ್ಕಿಂತ ಕಡಿಮೆ ಅಂಕ ಬಂದಿದ್ದಲ್ಲಿ ಕಾರಣ ತಿಳಿಸುವುದು.’ ಕೆಳಗೆ ಚುಕ್ಕಿ ಚುಕ್ಕಿಯ ನಾಲ್ಕು ಗೆರೆ. ಹೆಸರು, ಊರು, ಹುಟ್ಟಿದ ತಾರೀಕು, ತಂದೆಯ ಉದ್ಯೋಗ ಎಲ್ಲವನ್ನೂ ಪದ್ಮಜಾ ಒಂದೇ ಪಟ್ಟಿಗೆ ಕೂತು ತುಂಬಿದ್ದಳು. ಆ ನಾಲ್ಕು ಗೆರೆ ಮಾತ್ರ ಐದು ದಿನದಿಂದ ಖಾಲಿ ಇದ್ದವು.

ಅದು ತೊಂಬತ್ತಾರನೇ ಇಸವಿಯ ಜುಲೈ. ಪಿಯುಸಿಯಲ್ಲಿ ಅವಳಿಗೆ ಕನ್ನಡದಲ್ಲಿ ಎಂಬತ್ತೆಂಟು, ಇತಿಹಾಸದಲ್ಲಿ ಎಂಬತ್ತೊಂದು ಬಂದಿದ್ದವು. ಇಂಗ್ಲಿಷಿನಲ್ಲಿ ಮೂವತ್ತೇಳು. ಈಗ ಸೇಡಂನ ಕಾಲೇಜಿನ ಬಿ.ಎ.ಗೆ ಅರ್ಜಿ ತುಂಬುತ್ತ, ಐಚ್ಛಿಕ ವಿಷಯ ಯಾವುದು ಬೇಕು ಎಂದು ಕೇಳಿದಲ್ಲಿ ಇಂಗ್ಲಿಷ್ ಎಂದು ಬರೆದಿದ್ದಳು. ಅವಳ ಊರು ಸುಲೇಪೇಟೆಯಲ್ಲಿ ಇದನ್ನು ಕೇಳಿ ನಗದವರು ಯಾರೂ ಉಳಿಯಲಿಲ್ಲ. ಈಜು ಬರದವಳಿಗೆ ಬಾವಿಯೇ ಬೇಕಂತೆ ಎಂದರು. ಬಾವಿಗೆ ಇಳಿಯದೆ, ಕಟ್ಟೆಯ ಮೇಲೆ ಕೂತು ಈಜು ಕಲಿತವರನ್ನು ನಾನಂತೂ ಇದುವರೆಗೆ ಕಂಡಿಲ್ಲ. ಆದರೆ ನಗುವವರಿಗೆ ಅಷ್ಟೆಲ್ಲ ವಿಚಾರ ಮಾಡುವ ಪುರುಸೊತ್ತು ಎಲ್ಲಿಯದು?

ಸೀಟು ಸಿಗದಿದ್ದರೆ ಮುಂದೇನು ಎಂಬುದೂ ಮನೆಯಲ್ಲಿ ತೀರ್ಮಾನವಾಗಿತ್ತು. ವಾಡಿಯಲ್ಲಿ ನಂದಕಿಶೋರ್ ಎಂಬ ವರ ಇದ್ದ. ಆಫೀಸಿನ ನೌಕರಿ, ಒಳ್ಳೆಯ ಮನೆತನ, ಜಾತಕವೂ ಕೂಡಿತ್ತು. ಹುಡುಗಿ ಓದುತ್ತಿದ್ದರೆ ಮೂರು ವರ್ಷ ಕಾಯುತ್ತೇವೆ, ಮನೆಯಲ್ಲೇ ಕೂತಿದ್ದರೆ ಈ ದೀಪಾವಳಿ ಆದೊಡನೆ ಅಕ್ಷತೆ ಎಂದು ಅವರು ಹೇಳಿ ಕಳಿಸಿದ್ದರು. ಪದ್ಮಜಾಗೆ ಆ ಹುಡುಗನ ಮೇಲೆ ಸಿಟ್ಟಿರಲಿಲ್ಲ. ಆದರೆ ದೀಪಾವಳಿಯ ಮೇಲೆ ಇತ್ತು.

ಇನ್ನು ಮೂವತ್ತೇಳರ ಮಾತು. ಅದನ್ನು ಹೇಳಬೇಕಾದರೆ ಅವಳ ತಂದೆ ಜಯತೀರ್ಥ ಮಾಸ್ತರರಿಂದಲೇ ಶುರು ಮಾಡಬೇಕು.

ಜಯತೀರ್ಥ ಮಾಸ್ತರರು ಪಕ್ಕದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಸುತ್ತ ಹತ್ತು ಹಳ್ಳಿಗೆ ಇಂಗ್ಲಿಷ್ ಎಂದರೆ ಅವರೇ. ತಾರು ಬಂದರೆ ಅವರು ಓದಬೇಕು, ಮೇಲಿನವರಿಗೆ ಅರ್ಜಿ ಎಂದರೆ ಅವರು ಬರೆಯಬೇಕು. ಅಕ್ಷರ ಮುತ್ತು ಜೋಡಿಸಿದ ಹಾಗೆ. ಮತ್ತು ಯಾವ ಕಾಗದ ಮುಟ್ಟಲಿ, ಮೇಲುಗಡೆ ನಟ್ಟನಡುವೆ ಮೊದಲು ‘ಶ್ರೀ ಲಕ್ಷ್ಮೀನರಸಿಂಹ ಪ್ರಸನ್ನ’ ಎಂದು ಬರೆಯದೆ ಅವರ ಪೆನ್ನು ಕೆಳಗಿಳಿಯುತ್ತಿರಲಿಲ್ಲ. ಅದು ಅವರ ಮನೆದೇವರು. ಅವರ ತಂದೆ ಹಾಗೆ ಬರೆಯುತ್ತಿದ್ದರು, ಅಜ್ಜ ಹಾಗೆ ಬರೆಯುತ್ತಿದ್ದರು. ಕಿರಾಣಿ ಚೀಟಿಯ ಮೇಲೂ ಲಕ್ಷ್ಮೀನರಸಿಂಹ, ಧೋಬಿಗೆ ಹಾಕಿದ ಬಟ್ಟೆಯ ಪಟ್ಟಿಯ ಮೇಲೂ ಲಕ್ಷ್ಮೀನರಸಿಂಹ. ಬರೆದದ್ದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಕೆಮ್ಮಿದ್ದು ಕೆಮ್ಮುವವನಿಗೆ ಗೊತ್ತಾಗದ ಹಾಗೆ.

ಪರೀಕ್ಷೆಯ ಕಾಲಕ್ಕೆ ಅವರ ಬೆಲೆ ಇನ್ನೂ ಏರುತ್ತಿತ್ತು. ಪದ್ಮಜಾ ಪಿಯುಸಿ ಬರೆದ ಕೇಂದ್ರ ಯಾವ ಊರಿನದು ಎಂದು ನಾನು ಹೇಳುವುದಿಲ್ಲ. ಅಲ್ಲಿಯ ಜನ ಇನ್ನೂ ಇದ್ದಾರೆ, ಹಲವರು ದೊಡ್ಡ ಕುರ್ಚಿಯಲ್ಲೂ ಇದ್ದಾರೆ. ಅಲ್ಲಿಯ ರಿವಾಜು ಮಾತ್ರ ಹೇಳುತ್ತೇನೆ. ಗಂಟೆ ಹೊಡೆದು ಕಾಲು ತಾಸಿಗೆ ಪ್ರಶ್ನೆಪತ್ರಿಕೆಯೊಂದು ಕಿಟಕಿಯಿಂದ ಹೊರಗೆ ಬರುತ್ತಿತ್ತು. ಕಂಪೌಂಡಿನ ಆಚೆ ಬೇವಿನ ಮರದ ಕೆಳಗೆ ಜಮಖಾನೆ ಹಾಸಿ ಮಾಸ್ತರರನ್ನು ಕೂರಿಸಿರುತ್ತಿದ್ದರು. ಅವರು ಕಾರ್ಬನ್ ಇಟ್ಟು ಉತ್ತರ ಬರೆಯುತ್ತಿದ್ದರು, ಹತ್ತು ಜನ ಅದನ್ನು ಚೀಟಿಗಿಳಿಸುತ್ತಿದ್ದರು. ಆಮೇಲೆ ನೀರು ಕೊಡುವ ಗೃಹಸ್ಥ ಬಿಂದಿಗೆಯ ಮುಚ್ಚಳದ ಕೆಳಗೆ ಅವನ್ನು ಇಟ್ಟುಕೊಂಡು ಒಳಗೆ ಹೋಗುತ್ತಿದ್ದ. ಅಂದು ಎಲ್ಲರಿಗೂ ವಿಪರೀತ ನೀರಡಿಕೆ.

ಮಾಸ್ತರರು ಇದಕ್ಕೆ ಯಾರ ಹತ್ತಿರವೂ ಕೈ ಚಾಚಿದವರಲ್ಲ. ಊರ ಹಿರಿಯರು ಮನೆಗೆ ಬಂದು, “ನಮ್ಮ ಮಕ್ಕಳ ಭವಿಷ್ಯ ನಿಮ್ಮ ಕೈಯಾಗ ಅದರಿ” ಎಂದು ಕೈ ಮುಗಿದಾಗ ಅವರ ಎದೆ ಉಬ್ಬುತ್ತಿತ್ತು. ಹೊಗಳಿಕೆಗೆ ಬಗ್ಗುವವರನ್ನು ಬಗ್ಗಿಸಲು ಬೇರೆ ಏನೂ ಬೇಕಾಗುವುದಿಲ್ಲ.

ಆ ವರ್ಷ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಪ್ರಶ್ನೆ: ನೀವು ಮಾಡಿದ ಒಂದು ಪ್ರವಾಸದ ಬಗ್ಗೆ ನಿಮ್ಮ ಅಣ್ಣನಿಗೆ ಪತ್ರ ಬರೆಯಿರಿ. ಪದ್ಮಜಾ ಉಳಿದ ಪ್ರಶ್ನೆಗಳ ಮುಂದೆ ಪೆನ್ನು ಕಚ್ಚಿಕೊಂಡು ಕೂತಿದ್ದಾಗ ನೀರಿನವ ಬಂದ, ಲೋಟದ ಜೊತೆ ಚೀಟಿಯನ್ನೂ ಇಟ್ಟು ಹೋದ. ಮಾಸ್ತರರ ಮಗಳೆಂದು ಅವಳಿಗೆ ಮಾತ್ರ ಖಾಸಾ ಅಪ್ಪನ ಕೈಬರಹದ್ದೇ ಬಂದಿತ್ತು. ಮೇಲೆ ಲಕ್ಷ್ಮೀನರಸಿಂಹ. ಕೆಳಗೆ, ಪ್ರೀತಿಯ ಅಣ್ಣ, ಹೋದ ವಾರ ನಾವೆಲ್ಲ ಊಟಿಗೆ ಹೋಗಿದ್ದೆವು.

ಅವಳಿಗೆ ಅಣ್ಣನಿರಲಿಲ್ಲ. ಇರಲಿ, ಪ್ರಶ್ನೆಪತ್ರಿಕೆಯವರಿಗೆ ಅದೆಲ್ಲ ಬೇಕಿಲ್ಲ. ಆದರೆ ಊಟಿ! ಎಂಟನೇ ಇಯತ್ತೆಯಲ್ಲಿ ಅಪ್ಪ ಬರೆಸಿದ ಪ್ರಬಂಧದಲ್ಲಿ ಊಟಿಗೆ ಹೋಗಿದ್ದಳು. ಒಂಬತ್ತರಲ್ಲಿ ಹೋಗಿದ್ದಳು. ಎಸ್ಸೆಸ್ಸೆಲ್ಸಿಯ ಬೋರ್ಡ್ ಪರೀಕ್ಷೆಯಲ್ಲಿ, ಇದೇ ಥರದ ಚೀಟಿ ಹಿಡಿದು, ಊಟಿಯ ಚಳಿ, ಊಟಿಯ ಹೂದೋಟ, ಊಟಿಯ ದೋಣಿ ಎಲ್ಲ ಬರೆದು ಎಪ್ಪತ್ತೆಂಟು ಗಿಟ್ಟಿಸಿದ್ದಳು. ಹುಟ್ಟಿದಾಗಿನಿಂದ ಅವಳು ನೋಡಿದ ದೊಡ್ಡ ಊರೆಂದರೆ ಕಲಬುರಗಿ, ದಾಟಿದ ದೊಡ್ಡ ನೀರೆಂದರೆ ಮಳೆಗಾಲದ ಹಳ್ಳ. ಇಂಗ್ಲಿಷಿನಲ್ಲಿ ಒಂದು ವಾಕ್ಯವನ್ನೂ ಅವಳು ತಾನಾಗಿ ಕಟ್ಟಿದವಳಲ್ಲ. ಬರೆಯಲು ಕೂತರೆ ಅಪ್ಪ, “ತಪ್ಪು ಬರೀಬ್ಯಾಡ, ತಾ ಇಲ್ಲಿ” ಎಂದು ಪೆನ್ನು ಕಸಿದುಕೊಂಡು ತಾವೇ ಬರೆಯುತ್ತಿದ್ದರು.

ಅಂದು ಆ ಚೀಟಿ ನೋಡಿದೊಡನೆ ಅವಳಿಗೆ ಉರಿದುಹೋಯಿತು. ಎಷ್ಟು ಸಲ ಹೋಗಬೇಕು ಆ ಹಾಳು ಊಟಿಗೆ? ಇದು ಸತ್ಯಹರಿಶ್ಚಂದ್ರನ ಸಿಟ್ಟೇನೂ ಅಲ್ಲ, ಒಂದೇ ಪಲ್ಯ ಐದು ವರ್ಷ ಉಂಡವರಿಗೆ ಬರುವ ಸಿಟ್ಟು. ಚೀಟಿಯನ್ನು ಮಡಚಿ ಅದರ ಮೇಲೆ ಕೂತಳು. ಆಮೇಲೆ ಸುಲೇಪೇಟೆಯಿಂದ ಚಿಂಚೋಳಿಗೆ ಬಸ್ಸಿನಲ್ಲಿ ಹೋದದ್ದನ್ನು ಬರೆದಳು. ಬಸ್ಸಿನಲ್ಲಿ ಒಂದು ಆಡು ಇತ್ತು. ಆಡಿಗೆ ಸೀಟು ಸಿಕ್ಕಿತ್ತು, ಅವಳಿಗೆ ಸಿಕ್ಕಿರಲಿಲ್ಲ. ಕಂಡಕ್ಟರು ಆಡಿಗೂ ಟಿಕೆಟ್ ಹರಿದಿದ್ದರಿಂದ ಅದನ್ನು ಎಬ್ಬಿಸುವ ಹಾಗೂ ಇರಲಿಲ್ಲ. ಇದಿಷ್ಟನ್ನು ಬರೆಯಲು ಅವಳಿಗೆ ಒಂದು ತಾಸು ಬೇಕಾಯಿತು. ಭೂತಕಾಲ ಎಲ್ಲಿ ಹಚ್ಚಬೇಕು, ವರ್ತಮಾನ ಎಲ್ಲಿ ಬಿಡಬೇಕು ಒಂದೂ ತಿಳಿಯಲಿಲ್ಲ. ಕೊನೆಯ ಎರಡು ಪ್ರಶ್ನೆ ಮುಟ್ಟಲು ವೇಳೆಯೇ ಉಳಿಯಲಿಲ್ಲ.

ಫಲಿತಾಂಶ ಬಂದ ದಿನ ಕೇಂದ್ರದಲ್ಲಿ ಬರೆದ ನೂರಾ ಹದಿನೆಂಟು ಮಂದಿಯಲ್ಲಿ ಇಂಗ್ಲಿಷಿನಲ್ಲಿ ಎಲ್ಲರಿಗಿಂತ ಕಡಿಮೆ ಯಾರಿಗೆ ಎಂದರೆ ಇಂಗ್ಲಿಷ್ ಮಾಸ್ತರರ ಮಗಳಿಗೆ. ಉಳಿದವರಿಗೆ ಎಪ್ಪತ್ತರ ಆಚೆ ಈಚೆ.

“ಚೀಟಿ ಮುಟ್ಟಲಿಲ್ಲೇನು ನಿನಗ?” ಎಂದು ಅಪ್ಪ ಕೇಳಿದರು.

“ಮುಟ್ಟಿತ್ತರಿ.”

“ಮತ್ತ?”

“ಅದರ ಮ್ಯಾಲ ಕುಂತೆ.”

ಮಾಸ್ತರರು ಎಂಟು ದಿನ ಮಗಳ ಜೊತೆ ಮಾತು ಬಿಟ್ಟರು. ತಾಯಿ ಸುಂದರಬಾಯಿ ಇಬ್ಬರ ನಡುವೆ ಟಪಾಲಿನವರ ಕೆಲಸ ಮಾಡಿ ಮಾಡಿ ಬೇಸತ್ತು, “ನಿಮ್ಮ ಇಂಗ್ಲಿಷಿಗೆ ಬೆಂಕಿ ಹತ್ತಲಿ, ಕನ್ನಡದಾಗಾದರೂ ಮಾತಾಡ್ರಿ” ಎಂದರು.

ಎದುರು ಮನೆಯ ಫರಹತಳಿಗೆ ಎಪ್ಪತ್ತೆರಡು ಬಂದಿತ್ತು. ಅವಳು ಇವಳ ಗೆಳತಿ, ಒಂದೇ ಬೆಂಚಿನವಳು. ಶಿರ್‌ಕುರ್ಮಾದ ಡಬ್ಬಿ ತಂದು ಕೊಟ್ಟು, ಯಾರೂ ಕೇಳದ ಹಾಗೆ ಹತ್ತಿರ ಸರಿದು ಕೂತಳು.

“ಪದ್ಮಾ, ಒಂದು ಮಾತು ಕೇಳಲೇನು? ಆ ಪತ್ರದ ಮ್ಯಾಲ ಲಕ್ಷ್ಮೀನರಸಿಂಹ ಅಂತ ಇತ್ತಲ್ಲ, ಅದು ಉತ್ತರದಾಗ ಬರೋದೇನು?”

“ನೀನೂ ಬರದಿ?”

“ಬರದೆ ನೋಡು! ಪತ್ರ ಅಂದ್ರ ಹಂಗೇ ಶುರು ಆಗ್ತದೇನೋ ಅಂದಕೊಂಡೆ. ನಮ್ಮ ಅಬ್ಬಾಗ ಹೇಳಬ್ಯಾಡ ಮತ್ತ.”

ಅಂದು ಪದ್ಮಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಚೀಟಿಗಿಳಿಸಿದ ಹತ್ತು ಜನರೂ ಮೇಲಿನ ಸಾಲನ್ನು ಬಿಟ್ಟಿರಲಿಲ್ಲ. ಚೀಟಿ ನೋಡಿ ಬರೆದವರೂ ಬಿಟ್ಟಿರಲಿಲ್ಲ. ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಸಾಲು ಕನ್ನಡ ಯಾಕೆ ಬಂತು ಎಂದು ಯಾರೊಬ್ಬರಿಗೂ ಹೊಳೆದಿರಲಿಲ್ಲ. ಕೇಂದ್ರಕ್ಕೆ ಕೇಂದ್ರವೇ, ಹಿಂದೂ ಮುಸಲ್ಮಾನ ಎನ್ನದೆ, ಮನೆದೇವರ ಹೆಸರಲ್ಲಿ ಊಟಿಗೆ ಹೋಗಿ ಬಂದಿತ್ತು.

ನಗು ಅಲ್ಲಿಗೆ ಮುಗಿಯಿತು. ಅರ್ಜಿ ಕೊಡುವ ಕೊನೆಯ ದಿನ ಬೆಳಗ್ಗೆ ಮಾಸ್ತರರು ಮಗಳ ಮುಂದೆ ಎರಡು ಕಾಗದ ಇಟ್ಟರು. ಒಂದು ಡಾಕ್ಟರರ ಸರ್ಟಿಫಿಕೇಟು: ಪರೀಕ್ಷೆಯ ತಿಂಗಳಿಡೀ ಕುಮಾರಿ ಪದ್ಮಜಾಗೆ ಟೈಫಾಯ್ಡ್. ಇನ್ನೊಂದು ಮಾಸ್ತರರೇ ಶುದ್ಧ ಇಂಗ್ಲಿಷಿನಲ್ಲಿ ಬರೆದ ಕಾರಣ ಪತ್ರ. ಜ್ವರ ಎಷ್ಟು ಡಿಗ್ರಿ, ಎಷ್ಟು ದಿನ ಲಂಘನ, ಹ್ಯಾಗೆ ತಾಯಿಯ ಹೆಗಲ ಮೇಲೆ ಕೈಹಾಕಿ ಹುಡುಗಿ ಪರೀಕ್ಷೆಗೆ ಬಂದಳು, ಎಲ್ಲ ಕಣ್ಣಿಗೆ ಕಟ್ಟುವ ಹಾಗಿತ್ತು. ಓದಿದರೆ ಪದ್ಮಜಾಗೇ ತನ್ನ ಮೇಲೆ ಕನಿಕರ ಬರಬೇಕು. ಕೆಳಗೆ ಅವಳ ಸಹಿಗೆ ಜಾಗ.

“ಸಹಿ ಮಾಡು.”

“ನನಗ ಟೈಫಾಯ್ಡ್ ಆಗಿಲ್ಲರಿ ಅಪ್ಪಾ.”

“ಎಲ್ಲಾರೂ ಹಿಂಗೇ ಬರೀತಾರ ಪದ್ಮಿ. ಕಾಲಮ್ ಇರೋದೇ ಅದಕ್ಕ. ಅವರಿಗೂ ಗೊತ್ತು, ನಮಗೂ ಗೊತ್ತು.”

“ಎಲ್ಲಾರಿಗೂ ಗೊತ್ತಿದ್ದ ಮ್ಯಾಲ ಸುಳ್ಳು ಯಾರ ಸಲುವಾಗಿ?”

“ನಿನ್ನ ಸಲುವಾಗಿ! ಮೂವತ್ತೇಳು ತಗೊಂಡು ಇಂಗ್ಲಿಷ್ ಕೊಡ್ರಿ ಅಂದ್ರ ಬಾಗಿಲಾಗ ನಿಂದ್ರಸಂಗಿಲ್ಲ. ಆಮ್ಯಾಲ ವಾಡಿಯೇ ಗತಿ, ತಿಳೀತೇನು?”

ಸಿಟ್ಟಿನಲ್ಲೂ ಅವರಿಗೆ ಮಗಳು ಓದಲಿ ಎಂಬ ಆಸೆಯೇ ಇತ್ತು, ಅದು ಅವಳಿಗೂ ಗೊತ್ತಿತ್ತು. ಹೆದರಿಕೆ ಅವಳಿಗೂ ಇತ್ತು. ಆದರೂ ಪೆನ್ನು ಮುಟ್ಟಲಿಲ್ಲ. ಮಾಸ್ತರರು ಎರಡೂ ಕಾಗದವನ್ನು ಅರ್ಜಿಯ ಜೊತೆ ಚೀಲಕ್ಕೆ ತುಂಬಿಕೊಂಡು, “ಅಲ್ಲೇ ಮಾಡ್ತಿ ಬಾ” ಎಂದು ಬಸ್ ಸ್ಟ್ಯಾಂಡಿನ ಕಡೆ ಹೊರಟರು.

ಸೇಡಂನ ಕಾಲೇಜಿನಲ್ಲಿ ಪಿಯುಸಿಯೂ ಡಿಗ್ರಿಯೂ ಒಂದೇ ಕಟ್ಟಡದಲ್ಲಿದ್ದವು. ಇಂಗ್ಲಿಷ್ ವಿಭಾಗವೆಂದರೆ ಎರಡು ಕುರ್ಚಿ, ಒಂದು ಮೇಜು, ಕಾಲಿಗೆ ತಣ್ಣಗೆ ಹತ್ತುವ ಫರಸಿ ಕಲ್ಲಿನ ನೆಲ. ಮೇಜಿನ ಆಚೆ ಸರ್ವರಬೇಗಂ ಮೇಡಂ ಕೂತಿದ್ದರು. ನಲವತ್ತೈದರ ಆಸುಪಾಸು, ದಪ್ಪ ಕನ್ನಡಕ, ಹೋದ ತಿಂಗಳಷ್ಟೇ ಗದಗಿನಿಂದ ಬಂದವರು. ಐವತ್ತಕ್ಕಿಂತ ಕಡಿಮೆ ಇದ್ದವರೆಲ್ಲ ಅವರ ಮುಂದೆ ಹಾಯ್ದು ಹೋಗಬೇಕಿತ್ತು. ಪಕ್ಕದಲ್ಲಿ ಆಫೀಸಿನ ಗುಮಾಸ್ತ ವಿಠ್ಠಲ್ ಅರ್ಜಿಗಳನ್ನು ಎಣಿಸಿ ಪಿನ್ನು ಚುಚ್ಚುತ್ತ ನಿಂತಿದ್ದ.

“ಬರ್ರಿ ಸರ್, ಕುಂದ್ರಿ. ಮೂವತ್ತೇಳು. ಏನಾಗಿತ್ತಮ್ಮಾ ನಿನಗ?”

ಪದ್ಮಜಾ ಬಾಯಿ ತೆರೆಯುವುದರೊಳಗೆ ಮಾಸ್ತರರು, “ಟೈಫಾಯ್ಡ್ ಮೇಡಂ” ಎಂದು ಎರಡೂ ಕಾಗದ ಮೇಜಿನ ಮೇಲಿಟ್ಟರು.

ಮೇಡಂ ಸರ್ಟಿಫಿಕೇಟಿನ ಮೇಲೆ ಕಣ್ಣು ಹಾಯಿಸಿ ಪಕ್ಕಕ್ಕೆ ಸರಿಸಿದರು. ಅಂಥವು ಅಂದು ಮಧ್ಯಾಹ್ನದೊಳಗೆ ಅವರ ಮುಂದೆ ಹದಿನಾರು ಬಂದಿದ್ದವು, ಆ ಲೆಕ್ಕದಲ್ಲಿ ತಾಲ್ಲೂಕಿನ ಅರ್ಧ ಜನ ಟೈಫಾಯ್ಡಿನಲ್ಲಿ ಮಲಗಿರಬೇಕಿತ್ತು. ಪತ್ರವನ್ನು ಕೈಗೆತ್ತಿಕೊಂಡರು. ಮೊದಲನೇ ಸಾಲಿನಲ್ಲೇ ಅವರ ಕಣ್ಣು ನಿಂತುಬಿಟ್ಟಿತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

“ಈ ಪತ್ರ ಯಾರು ಬರದಾರ?”

ಮಾಸ್ತರರು ಹೆಮ್ಮೆಯಿಂದ, “ನಾನೇರಿ. ಇಂಗ್ಲಿಷ್ ಟೀಚರ್ ಇದ್ದೀನಿ” ಎಂದರು. ಸಹಿ ಮಗಳದಾಗಬೇಕಿತ್ತು ಎಂಬುದನ್ನು ಆ ಹೆಮ್ಮೆಯಲ್ಲಿ ಮರೆತೇಬಿಟ್ಟರು.

“ನಿಮ್ಮ ಲಕ್ಷ್ಮೀನರಸಿಂಹ ನನಗ ಗೊತ್ತು ಸರ್,” ಎಂದರು ಮೇಡಂ ಮೆಲ್ಲಗೆ. “ಹುಬ್ಬಳ್ಳಿ ತನಕ ಬಂದಿದ್ದ. ಪೇಪರ್ ನೋಡಾಕ ನನ್ನನ್ನ ಅಲ್ಲಿ ಹಾಕಿದ್ರು. ಒಂದು ಕೇಂದ್ರದ ಕಟ್ಟು ನನ್ನ ಪಾಲಿಗೆ ಬಂತು. ನೂರಾ ಹದಿನೇಳು ಪೇಪರಿನಾಗ ಈ ಒಂದು ಸಾಲು. ಒಬ್ಬಾತ ಅಂತೂ ಅದನ್ನ ಇಂಗ್ಲಿಷಿಗೆ ತರಜುಮೆ ಮಾಡಿದ್ದ.”

ಮಾಸ್ತರರ ಮುಖ ಸುಣ್ಣ ಬಳಿದ ಹಾಗಾಯಿತು. ವಿಠ್ಠಲನ ಕೈಯ ಪಿನ್ನು ಅಲ್ಲೇ ನಿಂತಿತು. ಪದ್ಮಜಾಗೆ ಅಪ್ಪನ ಕಡೆ ನೋಡಲು ಧೈರ್ಯವಾಗಲಿಲ್ಲ. ಅವರ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಸಂಕಟವೂ ಆಯಿತು.

ಮೇಡಂ ಮುಂದುವರಿಸಿದರು. “ದೊಡ್ಡವರಿಗೆ ಹೇಳಿದೆ. ದೇವರ ಹೆಸರು ಅದ, ಬಿಟ್ಟುಬಿಡ್ರಿ ಅಂದ್ರು. ಬಿಟ್ಟೆ. ಪತ್ರದಾಗ ಏನೂ ತಪ್ಪಿರಲಿಲ್ಲ, ಎಲ್ಲಾರಿಗೂ ಮಾರ್ಕ್ಸ್ ಹಾಕಿದೆ. ಖರೇ ಹೇಳ್ತೀನಿ, ಅವತ್ತು ನನಗ ನನ್ನ ಮ್ಯಾಲೇ ಹೇಸಿಗಿ ಬಂತು.” ಪದ್ಮಜಾ ಕಡೆ ತಿರುಗಿದರು. “ಆ ಕಟ್ಟಿನಾಗ ಒಂದೇ ಒಂದು ಪೇಪರಿನ ಮ್ಯಾಲ ಈ ಸಾಲು ಇರಲಿಲ್ಲ. ಅದರಾಗ ಊಟಿ ಇರಲಿಲ್ಲ. ಒಂದು ಆಡು ಇತ್ತು.”

“ಅದಕ್ಕ ಟಿಕೆಟ್ ತಗೊಂಡಿದ್ರು ಮೇಡಂ,” ಎಂದಳು ಪದ್ಮಜಾ.

ಸರ್ವರಬೇಗಂ ನಗಲಿಲ್ಲ. ನಗು ತಡೆದುಕೊಂಡದ್ದು ಮಾತ್ರ ಕಾಣಿಸಿತು. ಕುರ್ಚಿಯಲ್ಲಿ ನೆಟ್ಟಗೆ ಕೂತು, ಮೇಡಂ ಎಂಬುವವರು ಮಾತಾಡಬೇಕಾದ ಹಾಗೆ ಮಾತಾಡಿದರು.

“ಕೇಳಮ್ಮಾ. ನಿಯಮ ನಿಯಮನೇ. ಕಾರಣ ಇಲ್ಲದ ಅರ್ಜಿ ಮುಂದ ಹೋಗಂಗಿಲ್ಲ. ಈ ಟೈಫಾಯ್ಡಿಗೆ ನೀ ಸಹಿ ಮಾಡಿದಿ ಅಂದ್ರ ನಾನೂ ಕಣ್ಣು ಮುಚ್ಚಿ ಸಹಿ ಮಾಡ್ತೀನಿ, ಇವತ್ತೇ ಸೀಟು. ಬ್ಯಾರೆ ಏನಾದ್ರೂ ಬರದ್ರ ಮ್ಯಾಲ ಪ್ರಿನ್ಸಿಪಾಲರು ಏನಂತಾರೋ ನಾ ಹೇಳಾಕ ಬರಂಗಿಲ್ಲ. ನೀ ಹೇಳು, ಏನು ಮಾಡ್ತಿ?”

ವಿಠ್ಠಲ್ ತಡೆಯಲಾರದೆ, “ಸಹಿ ಮಾಡಿಬಿಡವಾ, ಐದು ನಿಮಿಷದ ಕೆಲಸ” ಎಂದ.

ಪದ್ಮಜಾ ಅಪ್ಪನ ಕಡೆ ನೋಡಿದಳು. ಅವರು ನೆಲದ ಫರಸಿ ನೋಡುತ್ತಿದ್ದರು. ದೀಪಾವಳಿ ಅವಳ ಕಣ್ಣ ಮುಂದೆ ಹಾದುಹೋಯಿತು. ಆದರೆ ಹೆದರಿಕೆಯ ಹಿಂದೆಯೇ ಅದೇ ಹಳೆಯ ಉರಿ ಬಂತು, ಊಟಿಯ ಉರಿ. ಈ ಟೈಫಾಯ್ಡ್ ಕೂಡ ಒಂದು ಊಟಿಯೇ. ಇಲ್ಲಿಗೂ ಬೇರೆಯವರು ಬರೆದುಕೊಟ್ಟ ಕಾಗದ ಹಿಡಿದು ಒಳಗೆ ಹೋದರೆ, ಮೂರು ವರ್ಷ ಕೂತು ತಾನು ಕಲಿಯುವುದಾದರೂ ಏನು?

“ಮೇಡಂ, ನನಗ ಪೆನ್ನು ಕೊಡ್ರಿ,” ಎಂದಳು.

ಅರ್ಜಿಯನ್ನು ತನ್ನ ಕಡೆ ತಿರುಗಿಸಿಕೊಂಡು, ನಿಂತಲ್ಲೇ ಮೇಜಿಗೆ ಬಾಗಿ, ಹದಿನಾಲ್ಕನೇ ಕಾಲಮ್ಮಿನಲ್ಲಿ ಇಂಗ್ಲಿಷಿನಲ್ಲೇ ಬರೆಯತೊಡಗಿದಳು. ನಾಲ್ಕು ಗೆರೆ ಸಾಲಲಿಲ್ಲ, ಅಂಚಿಗೆ ಹೋದಳು, ಅಂಚು ತೀರಿದ ಮೇಲೆ ಪುಟದ ಬುಡಕ್ಕೆ ಇಳಿದಳು. ಒಂದೊಂದು ಶಬ್ದಕ್ಕೂ ತಡೆದು, ತುಟಿಯಲ್ಲೇ ಹೇಳಿಕೊಂಡು ಬರೆದಳು. ಬರೆದದ್ದನ್ನು ಕನ್ನಡಕ್ಕೆ ತಂದರೆ ಇಷ್ಟು. ಅವಳ ಇಂಗ್ಲಿಷಿನ ತಪ್ಪುಗಳು ಕನ್ನಡದಲ್ಲಿ ಕಾಣುವುದಿಲ್ಲ, ಅದು ಅವಳ ಪುಣ್ಯ.

‘ಮೂವತ್ತೇಳಕ್ಕೆ ಕಾರಣ ಕೊಡುವುದಿಲ್ಲ. ಆ ಅಂಕ ನನ್ನವು, ನಾನೇ ಬರೆದೆ. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಎಪ್ಪತ್ತೆಂಟು ಬಂದಿದ್ದವು. ಕಾರಣ ಕೊಡಬೇಕಾದದ್ದು ಅದಕ್ಕೆ. ಅವನ್ನು ನಾನು ಬರೆದಿರಲಿಲ್ಲ. ನನಗೆ ಟೈಫಾಯ್ಡ್ ಆಗಿಲ್ಲ. ನಾನು ಊಟಿ ನೋಡಿಲ್ಲ. ನನಗೆ ಇಂಗ್ಲಿಷ್ ಬರುವುದಿಲ್ಲ, ಅದಕ್ಕೇ ಇಂಗ್ಲಿಷ್ ಕೇಳುತ್ತಿದ್ದೇನೆ. ಬರುತ್ತಿದ್ದರೆ ಕಾಲೇಜು ಯಾಕೆ ಬೇಕಿತ್ತು?’

ಅವಳು ಬರೆಯುತ್ತಿದ್ದಷ್ಟು ಹೊತ್ತು ಮಾಸ್ತರರು ಪಕ್ಕದಿಂದ ಓದುತ್ತಲೇ ಇದ್ದರು. ಅವಮಾನ, ಅಂಜಿಕೆ ಎಲ್ಲ ಇದ್ದರೂ ಕಣ್ಣಿನ ಅಭ್ಯಾಸ ಹೋಗುತ್ತದೆಯೇ? ಮೂರನೇ ಸಾಲಿನಲ್ಲಿ ಕ್ರಿಯಾಪದ ತಪ್ಪಿತು, ಅವರ ಮೈ ಜುಮ್ಮೆಂದಿತು. ಐದನೆಯದರಲ್ಲಿ ಇನ್ನೊಂದು. ಕೊನೆಯ ಸಾಲು ಮುಗಿಯುವುದರೊಳಗೆ ಅವರ ಜೇಬಿನ ಪೆನ್ನು ಕೈಗೆ ಬಂದಿತ್ತು, ಮುಚ್ಚಳ ತೆಗೆದಿತ್ತು, ಕೈ ಕಾಗದದ ಕಡೆ ಚಾಚಿತ್ತು.

“ಪದ್ಮಿ, ಇಲ್ಲೊಂದು ಸಣ್ಣ...”

ಪದ್ಮಜಾ ಅರ್ಜಿಯನ್ನು ಎದೆಗೆ ಅವುಚಿಕೊಂಡಳು.

“ಕೈ ಹಚ್ಚಬ್ಯಾಡ್ರಿ ಅಪ್ಪಾ. ತಪ್ಪಿದ್ರ ಇರಲಿ. ತಪ್ಪೂ ನಂದೇ.”

ಹುಟ್ಟಿದಾಗಿನಿಂದ ಅಪ್ಪನಿಗೆ ಅಷ್ಟು ಗಟ್ಟಿಯಾಗಿ ಅವಳು ಮಾತಾಡಿರಲಿಲ್ಲ. ಮಾಸ್ತರರ ಕೈ ಗಾಳಿಯಲ್ಲೇ ನಿಂತಿತು. ಅವಳು ಅರ್ಜಿಯನ್ನು ಹಾಗೆಯೇ ಮೇಡಂ ಕೈಗೆ ಕೊಟ್ಟಳು.

ಸರ್ವರಬೇಗಂ ಎರಡು ಸಲ ಓದಿದರು. ಆಮೇಲೆ ಕೆಂಪು ಪೆನ್ನು ತೆಗೆದು, ಸಾಲು ಸಾಲಿನ ಕೆಳಗೆ ಗೆರೆ ಎಳೆಯುತ್ತ ಹೋದರು.

“ಎಪ್ಪತ್ತೆಂಟು ನೀ ಬರೀಲಿಲ್ಲ ಅಂತಿ. ಮತ್ಯಾರು ಬರದ್ರು?”

“ಅದನ್ನ ಕಾಲಮ್ಮಿನಾಗ ಕೇಳಿಲ್ಲರಿ,” ಎಂದಳು ಪದ್ಮಜಾ.

ಈ ಸಲ ಮೇಡಂಗೆ ನಗು ತಡೆಯಲಾಗಲಿಲ್ಲ. ಜಯತೀರ್ಥ ಮಾಸ್ತರರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಅವರ ಬೆನ್ನು ಮಾತ್ರ ಕಾಣುತ್ತಿತ್ತು.

ವಿಠ್ಠಲ್ ಕತ್ತು ಚಾಚಿ ನೋಡಿ, “ಮೇಡಂ, ತುಂಬ ಗಿಜಿಬಿಜಿ ಆಗ್ಯದ. ಹೊಸಾ ಫಾರಂ ಕೊಡ್ಲೇನು? ನೀಟಾಗಿ ಬರೀಲಿ” ಎಂದ.

“ಬ್ಯಾಡ. ಹಿಂಗೇ ಫೈಲಿಗೆ ಹಾಕು,” ಎಂದು ಹೇಳಿ ಮೇಡಂ ಅರ್ಜಿಯ ಮೇಲುಭಾಗದಲ್ಲಿ, ಎಲ್ಲರೂ ಖಾಲಿ ಬಿಡುವ ಜಾಗದಲ್ಲಿ, ಕನ್ನಡದಲ್ಲೇ ಬರೆದರು: ‘ಹನ್ನೊಂದು ತಪ್ಪು. ಒಂದೂ ನಕಲಲ್ಲ. ಇಂಗ್ಲಿಷ್ ವಿಭಾಗಕ್ಕೆ ಈ ವಿದ್ಯಾರ್ಥಿನಿ ಬೇಕು.’ ಕೆಳಗೆ ಸಹಿ ಹಾಕಿ, ಅವರೇ ಎದ್ದು ಪ್ರಿನ್ಸಿಪಾಲರ ಕೋಣೆಗೆ ಹೋದರು.

ಒಳಗೆ ಏನು ಮಾತಾಯಿತೋ ತಿಳಿಯದು. ಅರ್ಧ ತಾಸು ಪದ್ಮಜಾ ವರಾಂಡದ ಕಂಬಕ್ಕೆ ಒರಗಿ ನಿಂತಳು. ಅಪ್ಪ ಅವಳ ಮುಖ ನೋಡದೆ, ಕುಡಿಯುವ ನೀರಿಗೆಂದು ಹೇಳಿ ಕಟ್ಟಡದ ಹಿಂದೆ ಹೋಗಿ ಬಂದರು. ಒಮ್ಮೆ ಪ್ರಿನ್ಸಿಪಾಲರ ಧ್ವನಿ ಜೋರಾಗಿ ಕೇಳಿಸಿತು, ಅದಕ್ಕಿಂತ ಜೋರಾಗಿ ಮೇಡಂ ಧ್ವನಿ ಕೇಳಿಸಿತು. ಕೊನೆಗೆ ಮೇಡಂ ಹೊರಗೆ ಬಂದರು.

“ಸೋಮವಾರ ಹತ್ತಕ್ಕ ಕ್ಲಾಸ್ ಶುರು,” ಎಂದರು. “ಆರು ತಿಂಗಳ ಪರೀಕ್ಷಾ ಬರೋದ್ರೊಳಗ ಹನ್ನೊಂದು ಐದಕ್ಕ ಇಳೀಬೇಕು. ಇಳೀಲಿಲ್ಲಂದ್ರ ನಾನೇ ವಾಡಿಗೆ ಕಳಸ್ತೀನಿ.” ವಾಡಿಯ ಸಂಗತಿ ಅವರಿಗೆ ಹೇಗೆ ಗೊತ್ತಾಯಿತು ಎಂದು ಪದ್ಮಜಾ ಬೆರಗಾದಳು. ನೀರಿಗೆಂದು ಹೋದ ಅಪ್ಪ ಹಿಂದಿನ ಬಾಗಿಲಿನಿಂದ ಪ್ರಿನ್ಸಿಪಾಲರ ಕೋಣೆಗೇ ಹೋಗಿದ್ದರು ಎಂಬುದು ಆಗ ಅವಳಿಗೆ ಹೊಳೆಯಿತು.

ಹೊರಡುವಾಗ ಮೇಡಂ ಟೈಫಾಯ್ಡಿನ ಪತ್ರವನ್ನು ಮಡಚಿ ಮಾಸ್ತರರ ಕೈಗೇ ವಾಪಸು ಕೊಟ್ಟರು. “ಇಂಗ್ಲಿಷ್ ಭಾಳ ಚೆಂದ ಅದ ಸರ್. ಮುಂದಿನ ಮಾರ್ಚಿನಾಗ, ಪರೀಕ್ಷಾದ ಕಾಲಕ್ಕ, ನೀವು ಊರಾಗೇ ಇರ್ತೀರಿ ಅಂತ ತಿಳೀಲೇನು?”

ಮಾಸ್ತರರು ಕೈ ಮುಗಿದರು.

ಸುಲೇಪೇಟೆಯ ಬಸ್ಸು ಕಿಕ್ಕಿರಿದಿತ್ತು. ಸೀಟು ಸಿಕ್ಕಿದ್ದು ಪದ್ಮಜಾಗೆ, ಮಾಸ್ತರರು ಮೇಲಿನ ಕಂಬಿ ಹಿಡಿದು ನಿಂತರು. ಸೇಡಂ ಹಿಂದೆ ಬಿದ್ದು ತೊಗರಿ ಹೊಲಗಳು ಶುರುವಾದವು. ಅಪ್ಪ ಇನ್ನು ಎಂಟು ದಿನ ಮಾತು ಬಿಟ್ಟರೂ ಬಿಡಲಿ, ತಾನು ಬರೆದದ್ದನ್ನು ಅಳಿಸುವವಳಲ್ಲ ಎಂದು ಅವಳು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು.

“ಎಷ್ಟು ತಪ್ಪು ಅಂದ್ರು ಮೇಡಂ?” ಎಂದು ಮಾಸ್ತರರು ಕಿಟಕಿಯ ಆಚೆ ನೋಡುತ್ತಲೇ ಕೇಳಿದರು.

“ಹನ್ನೊಂದು.”

ಮಾಸ್ತರರು ಬೆರಳು ಮಡಚಿ ಲೆಕ್ಕ ಹಾಕಿದರು. ಮತ್ತೊಮ್ಮೆ ಹಾಕಿದರು. ಅವರ ಹುಬ್ಬು ಗಂಟಾಯಿತು.

“ನನಗ ಒಂಬತ್ತೇ ಕಂಡವು.”

ಪದ್ಮಜಾ ತಲೆಯೆತ್ತಿ ನೋಡಿದಳು. ಹತ್ತು ಹಳ್ಳಿಯ ಇಂಗ್ಲಿಷಿನ ಮುಖದ ಮೇಲೆ ಮೊದಲನೇ ಸಲ ಒಂದು ಅನುಮಾನ ಕೂತಿತ್ತು. ಪಾಪ ಅನ್ನಿಸಿತು, ನಗುವೂ ಬಂತು.

“ಉಳದ ಎರಡು ಯಾವು ಪದ್ಮಿ?” ಎಂದರು ಅವರು, ಬಸ್ಸಿನ ಸದ್ದಿನಲ್ಲಿ ಕೇಳಿಸಿಯೂ ಕೇಳಿಸದ ಹಾಗೆ.

“ನನಗೂ ಗೊತ್ತಿಲ್ಲರಿ ಅಪ್ಪಾ. ಸೋಮವಾರದಿಂದ ಕ್ಲಾಸ್ ಅದ. ಕಲತು ಬಂದು ನಿಮಗ ತೋರಸ್ತೀನಿ,” ಎಂದು ಅವಳು ಕಿಟಕಿಯ ಕಡೆ ಸರಿದು, ಸೀಟಿನಲ್ಲಿ ಅಪ್ಪನಿಗೆ ಜಾಗ ಮಾಡಿಕೊಟ್ಟಳು.